ಮೂವತ್ತು ಒಗೆತ

ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಸ್ಟೌ ನೆನಪಾಗುತ್ತದೆ, ರೇಷನ್ ಅಂಗಡಿಯ ಸಾಲು ನೆನಪಾಗುತ್ತದೆ. ಮಮತಳಿಗೆ ಮಾತ್ರ ಮದುವೆಮನೆ ನೆನಪಾಗುತ್ತದೆ. ಅವಳು ಚಿಕ್ಕವಳಿದ್ದಾಗ ಅವಳ ಅಪ್ಪ ವೆಂಕಟರಾಮಪ್ಪ ದೊಡ್ಡಬಳ್ಳಾಪುರದ ಮಗ್ಗದ ಬೀದಿಯೊಂದರಲ್ಲಿ, ಶೀಟು ಹೊದಿಸಿದ ಕೋಣೆಯೊಳಗೆ, ತಾಂಬೂಲದ ಹಳದಿ ಚೀಲಗಳಿಗೆ ಗಂಡುಹೆಣ್ಣಿನ ಹೆಸರು ಅಚ್ಚು ಹಾಕುತ್ತಿದ್ದರು. ಬಣ್ಣ ಕಲಸುವುದಕ್ಕೂ ಸೀಮೆಎಣ್ಣೆ, ಅಚ್ಚೊತ್ತುವ ಜಾಲರಿಯ ಸ್ಕ್ರೀನು ತೊಳೆಯುವುದಕ್ಕೂ ಸೀಮೆಎಣ್ಣೆ. ಒದ್ದೆ ಚೀಲಗಳನ್ನು ಹಗ್ಗದ ಮೇಲೆ ಹರವಿ, ಕೆಳಗೆ ಚಾಪೆ ಹಾಸಿ ಮಗಳನ್ನು ಮಲಗಿಸುತ್ತಿದ್ದರು. ಯಾರದೋ ಮದುವೆಯ ಇನ್ನೂರು ಚೀಲಗಳು ಅವಳ ತಲೆಯ ಮೇಲೆ ಮೆಲ್ಲಗೆ ತೂಗಾಡುತ್ತಿದ್ದವು. ಬೆಳಿಗ್ಗೆ ಎದ್ದರೆ ಜಡೆಯಲ್ಲೆಲ್ಲ ಅದೇ ವಾಸನೆ.

ಶಾಲೆಯಲ್ಲಿ ಹುಡುಗಿಯರು “ಬುಡ್ಡಿದೀಪ ಬಂತು” ಎಂದು ಮೂಗು ಹಿಡಿದುಕೊಂಡು ಬೆಂಚಿನ ಆ ತುದಿಗೆ ಸರಿಯುತ್ತಿದ್ದರು. ರಂಜಿತ ಎಂಬ ಒಬ್ಬಳು ಮಾತ್ರ ಸರಿಯುತ್ತಿರಲಿಲ್ಲ. “ನಂಗೆ ನೆಗಡಿ ಕಣೇ, ಯಾವ ವಾಸನೇನೂ ಬರಲ್ಲ” ಅನ್ನುತ್ತಿದ್ದಳು. ವರ್ಷವಿಡೀ ಯಾರಿಗೂ ನೆಗಡಿ ಇರುವುದಿಲ್ಲವೆಂದು ಮಮತಳಿಗೆ ಹೊಳೆಯುವ ಹೊತ್ತಿಗೆ ರಂಜಿತಳ ಮನೆಯವರು ಊರು ಬಿಟ್ಟು ಹೊಸಕೋಟೆಗೆ ಹೋಗಿಯಾಗಿತ್ತು. ಅಂಥ ಸಣ್ಣ ಸಣ್ಣ ಒಳ್ಳೆಯತನಗಳನ್ನು ಆಮೇಲಿಂದ ಮಮತ ಕಣ್ಣಿಟ್ಟು ನೋಡತೊಡಗಿದಳು. ಕಂಡದ್ದನ್ನು ಮರೆಯುತ್ತಿರಲಿಲ್ಲ. ಇಲ್ಲದ ಕಡೆಯೂ ಒಂದೊಂದು ಸಲ ಕಂಡುಬಿಡುತ್ತಿದ್ದಳು, ಅದೊಂದೇ ಕಷ್ಟ.

ಈಗ ಅವಳಿಗೆ ಐವತ್ತೆರಡು. ಪಕ್ಕದ ಬೀದಿಯ ಆವಲಪ್ಪನನ್ನು ಮದುವೆಯಾಗಿ ಮೂವತ್ತು ವರ್ಷವಾಯಿತು. ಆವಲಪ್ಪ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ದುಡಿದು ದುಡಿದು ಕಿವಿ ಕಳೆದುಕೊಂಡವನು. ಬೆಳಿಗ್ಗೆ ಅಡುಗೆ ಮುಗಿಸಿ ಮಮತ ಅಪ್ಪನ ಅಂಗಡಿಗೆ ಹೋಗುತ್ತಾಳೆ. ಅಪ್ಪ ಹೋದಮೇಲೆ ಅಂಗಡಿಯನ್ನು ಅವಳೂ ತಮ್ಮ ನರೇಶನೂ ನಡೆಸುತ್ತಿದ್ದಾರೆ. ಅಚ್ಚು ಹಾಕುವವಳು ಅಕ್ಕ, ಗಿರಾಕಿ ತರುವವನು ತಮ್ಮ. ಶೀಟು ಹೋಗಿ ತಾರಸಿ ಬಂದಿದೆ, ಸೀಮೆಎಣ್ಣೆ ಹೋಗಿ ಡಬ್ಬಿಯ ಬಣ್ಣ ಬಂದಿದೆ. ಮೇಜು ಮಾತ್ರ ಅಪ್ಪನದೇ, ಹಲಸಿನ ಮರದ್ದು.

ಅಪ್ಪ ಕಲಿಸಿದ ಒಂದು ಪದ್ಧತಿ ಇತ್ತು. ಹೊಸ ಸ್ಕ್ರೀನಿನಿಂದ ಬಂದ ಮೊದಲ ಬಟ್ಟೆಯ ಅಂಚು ಮಡಿಸಿ, ಒಳಗಡೆ ಉಂಗುರದ ಬೆರಳಲ್ಲಿ ಚೂರು ಅರಿಶಿನ ಇಡಬೇಕು. ಯಾರೋ ಮೈಮೇಲೆ ಹಾಕಿಕೊಳ್ಳುವ ಬಟ್ಟೆ ಬರಿದಾಗಿ ಹೋಗಬಾರದು. ನರೇಶ ಮೂರು ವರ್ಷದ ಹಿಂದೆ ಗಾರ್ಮೆಂಟ್ಸಿನ ಸೂಪರ್‌ವೈಸರ್ ಕೆಲಸ ಬಿಟ್ಟು ಬಂದು ಆನ್‌ಲೈನಿನಲ್ಲಿ ಟೀ ಶರ್ಟು ಮಾರಲು ಶುರುಮಾಡಿದ ಮೇಲೂ ಮಮತ ಅದನ್ನು ಬಿಟ್ಟಿರಲಿಲ್ಲ. ಒಂದು ದಿನ ಪುಣೆಯಿಂದ ಅಂಗಿಯೊಂದು ವಾಪಸ್ಸು ಬಂತು. ಜೊತೆಗೊಂದು ಫೋಟೋ. ಅರಿಶಿನದ ಸುತ್ತ ಕೆಂಪು ಗೆರೆಯಲ್ಲಿ ಸುತ್ತು ಹಾಕಿ, ಕಲೆಯಾದ ಮಾಲು ಕಳಿಸಿದ್ದೀರಿ ಎಂದು ಬರೆದಿದ್ದರು.

“ಅಕ್ಕಾ, ಅವ್ರಿಗೆ ಇದು ಅರಿಶಿನ ಅಲ್ಲ, ಸಾರು ಚೆಲ್ಲಿದ್ದು” ಅಂದ ನರೇಶ. “ಇನ್ಮೇಲೆ ದೇವ್ರಾಣೆಗೂ ಬೇಡ.”

ಮಮತ ಬಿಟ್ಟಳು. ವಾಪಸ್ಸು ಬಂದ ಆ ಅಂಗಿಯನ್ನು ನರೇಶನ ಹೆಂಡತಿ ದಿವ್ಯ ಮನೆಯಲ್ಲಿ ತಾನೇ ಹಾಕಿಕೊಂಡು ಓಡಾಡುತ್ತಿದ್ದುದನ್ನು ಅವಳು ಎರಡು ಮೂರು ಸಲ ನೋಡಿದಳು. ದಿವ್ಯಳಿಗೆ ಅದು ಒಂದು ಗೇಣು ದೊಡ್ಡದು.

ಆನ್‌ಲೈನಿನ ವ್ಯಾಪಾರ ಮದುವೆಯ ವ್ಯಾಪಾರದಂತಲ್ಲ. ಮದುವೆಯವರು ಒಂದೇ ಅಚ್ಚಿನ ಐನೂರು ಕೇಳುತ್ತಾರೆ. ಇಲ್ಲಿ ಐನೂರು ಜನ, ಐನೂರು ಚಿತ್ರ, ತಲೆಗೊಂದು. ಮಾಕಳಿದುರ್ಗ ಹತ್ತಿಬಂದವನಿಗೆ ಬೆಟ್ಟದ ಚಿತ್ರ ಬೇಕು, ಅದರ ಕೆಳಗೆ ತನ್ನ ಗೆಳೆಯರ ಹೆಸರು ಬೇಕು. ಇನ್ನೊಬ್ಬಳಿಗೆ ತನ್ನ ನಾಯಿಯ ಮುಖ ಬೇಕು. ಸ್ಕ್ರೀನಿನ ಕೆಲಸದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನು. ಚೌಕಟ್ಟಿಗೆ ಜಾಲರಿ ಬಿಗಿದು, ಮದ್ದು ಸವರಿ, ಬೆಳಕಿಗೆ ಒಡ್ಡಿ, ನೀರಲ್ಲಿ ತೊಳೆದು ಚಿತ್ರ ಬಿಡಿಸಿಕೊಳ್ಳಬೇಕು. ನಾಲ್ಕು ಬಣ್ಣದ ಬೆಟ್ಟವೆಂದರೆ ನಾಲ್ಕು ಸಲ ಈ ಪಾಡು, ಅಂಗಿ ಒಂದೇ.

“ಲೆಕ್ಕಾನೇ ಹುಟ್ಟಲ್ಲ ಅಕ್ಕ. ಫಿಲಂ ಮಿಷನ್ ಹಾಕ್ಬಿಡೋಣ” ಅಂದ ನರೇಶ. “ಕಂಪ್ಯೂಟರಿಂದ ಚಿತ್ರ ಸೀದಾ ಪ್ಲಾಸ್ಟಿಕ್ ಹಾಳೆ ಮೇಲೆ ಬರುತ್ತೆ. ಹಿಂದೆ ಅಂಟಿನ ಪುಡಿ ಉದುರಿಸ್ತೀವಿ. ಅಂಗಿ ಮೇಲಿಟ್ಟು ಬಿಸಿ ಪ್ರೆಸ್ಸಲ್ಲಿ ಒತ್ತಿ ಹಾಳೆ ಕಿತ್ರೆ ಆಯ್ತು. ಐದು ನಿಮಿಷ.”

“ಸ್ಟಿಕ್ಕರು ಅನ್ನು.”

“ಸ್ಟಿಕ್ಕರಲ್ಲ ಕಣಕ್ಕ!”

“ಅಂಟಿಸೋದು ತಾನೆ? ಅಂಟಿಸಿದ್ದು ಒಂದಿನ ಬಿಟ್ಕೊಳ್ಳುತ್ತೆ. ಸ್ಕ್ರೀನಲ್ಲಿ ಬಣ್ಣ ನೂಲಿಗೆ ಇಳಿಯುತ್ತೆ ಕಣೋ.”

ದಿವ್ಯ ಅಂಗಿ ಮಡಿಸುತ್ತಾ ಮೆಲ್ಲಗೆ ಅಂದಳು, “ಇನ್ನೊಂದಿದೆಯಲ್ಲ, ಅಂಗೀನೇ ಮಿಷನ್ನೊಳಗೆ ಮಲಗಿಸಿ ಬಣ್ಣ ಚಿಮುಕಿಸೋದು. ಕಾಗದದ ಪ್ರಿಂಟರ್ ಥರ. ಮೂರನ್ನೂ ಒಂದ್ಸಲ ನೋಡ್ಬಿಡಿ, ಜಗಳ ಯಾಕೆ?”

ಹಾಗೆ ಶುರುವಾದದ್ದು ಅದು. ಒಂದೇ ಬಟ್ಟೆಯ ಮೂರು ಬಿಳಿ ಅಂಗಿ, ಮೂರಕ್ಕೂ ಅದೇ ಮಾಕಳಿದುರ್ಗದ ಬೆಟ್ಟ, ಬುಡದಲ್ಲಿ ಹಾದುಹೋಗುವ ರೈಲು. ಒಂದನ್ನು ಮಮತ ಸ್ಕ್ರೀನಿನಲ್ಲಿ ಒತ್ತಬೇಕು. ಫಿಲಂ ಒಂದು, ಚಿಮುಕಿಸಿದ್ದು ಒಂದು, ಎರಡನ್ನೂ ನರೇಶ ಬೆಂಗಳೂರಿನಿಂದ ಮಾಡಿಸಿ ತರಬೇಕು. ಮೂರನ್ನೂ ತಲಾ ಮೂವತ್ತು ಸಲ ತೊಟ್ಟು, ಮೂವತ್ತು ಸಲ ಒಗೆದು ನೋಡಬೇಕು.

“ಯಾವುದು ಉಳಿಯುತ್ತೋ ನಮ್ಮಂಗಡೀಲಿ ಅದೇ” ಅಂದ ನರೇಶ.

“ಆಮೇಲೆ ಮಾತು ತಿರುಗಿಸ್ಬಾರ್ದು.”

“ಮಾತು ಅಂದ್ರೆ ಮಾತು. ಫಿಲಂ ಗೆದ್ರೆ ನೀನೂ ಅಳ್ಬಾರ್ದು.”

ಮಮತ ನಕ್ಕಳು. ಆದರೆ ಅವಳಿಗೆ ಗೊತ್ತಿತ್ತು: ಫಿಲಂ ಗೆದ್ದರೆ ಹಲಸಿನ ಮೇಜಿಗೆ ಆ ಅಂಗಡಿಯಲ್ಲಿ ಕೆಲಸವಿರುವುದಿಲ್ಲ. ಮೇಜಿಗೆ ಇಲ್ಲವೆಂದರೆ ಅವಳಿಗೂ ಇಲ್ಲ. ಮೂವತ್ತೈದು ವರ್ಷ ಒತ್ತಿದ ಕೈಗೆ ಇನ್ನೊಂದು ಕೆಲಸ ಹೇಳಿಕೊಡುವವರು ಯಾರು? ಆ ದಿನ ಅವಳು ಬೆಟ್ಟ ಒತ್ತಿದಂತೆ ಹಿಂದೆಂದೂ ಯಾವುದನ್ನೂ ಒತ್ತಿರಲಿಲ್ಲ. ನಾಲ್ಕು ಬಣ್ಣವೂ ಕೂದಲೆಳೆಯಷ್ಟು ಆಚೀಚೆಯಾಗದೆ ಕೂತವು.

ಒಗೆಯುವ ಕೆಲಸ ಅಮ್ಮಯಮ್ಮನಿಗೆ ಹೋಯಿತು. ಬೀದಿಯ ಕೊನೆಯ ಮನೆಯ ಅಮ್ಮಯಮ್ಮ ನಾಲ್ಕಾರು ಮನೆಯ ಬಟ್ಟೆ ಒಗೆಯುವವಳು. ಅವಳ ಮಗ ಕೆಂಪರಾಜು ದಿನಾ ಬಸ್ಸು ಹಿಡಿದು ನೆಲಮಂಗಲಕ್ಕೆ ಹೋಗಿ ಗೋಡೌನಿನಲ್ಲಿ ಲಾರಿ ತುಂಬುತ್ತಾನೆ. ದಿನಕ್ಕೊಂದರಂತೆ ಸರದಿಯ ಮೇಲೆ ಅವನು ತೊಡುವುದು, ತಾಯಿ ಕಲ್ಲಿನ ಮೇಲೆ ಒಗೆಯುವುದು. ಗುರುತಿಗೆ ದಿವ್ಯ ಮೂರರ ಅಂಚಿಗೂ ದಾರದಲ್ಲಿ ಒಂದು, ಎರಡು, ಮೂರು ಗಂಟು ಹಾಕಿಕೊಟ್ಟಳು. ಅಮ್ಮಯಮ್ಮನಿಗೆ ಬರೆಯಲು ಬಾರದು. ಮೂರು ಡಬ್ಬಿ ಇಟ್ಟುಕೊಂಡು ಒಂದು ಒಗೆತಕ್ಕೆ ಒಂದು ಹುಣಸೆಬೀಜ ಹಾಕುತ್ತಾ ಹೋದಳು. ಸಂಕ್ರಾಂತಿ ಮುಗಿದ ಮೇಲೆ ಶುರುವಾದದ್ದು ಯುಗಾದಿ ದಾಟಿದರೂ ನಡೆಯುತ್ತಿತ್ತು.

ನರೇಶ ಒಂದು ದಿನ ನೋಡಲು ಹೋದವನು ಕಲ್ಲಿನ ಪಕ್ಕ ನಿಂತು ಕೂಗಾಡಿದ.

“ಅಮ್ಮಯಮ್ಮಾ, ಹಿಂಗ್ ಬಡಿದ್ರೆ ಬೆಟ್ಟ ಅಲ್ಲ, ಅಂಗೀನೇ ಇರಲ್ಲ! ಒಳಭಾಗ ಹೊರಗೆ ಮಾಡಿ ಮೆತ್ತಗೆ ಅದ್ದಿ ತೆಗೀಬೇಕು.”

“ಮೆತ್ತಗೆ ಅದ್ದಿ ತೆಗಿಯೋಕೆ ಅದೇನು ಬಜ್ಜಿನಾ? ಇವನು ಗೋಡೌನಿಂದ ತರೋ ಕೊಳೆ ನೋಡಿದ್ದೀಯಾ ನೀನು?” ಅಂದಳು ಅಮ್ಮಯಮ್ಮ, ಕೈ ನಿಲ್ಲಿಸದೆ.

ಹನ್ನೆರಡನೆಯ ಬೀಜದ ಹೊತ್ತಿಗೆ ಫಿಲಮ್ಮಿನ ಅಂಗಿಗೆ ಬೇರೆಯದೇ ಗತಿಯಾಯಿತು. ಕೆಂಪರಾಜು ಯಾರದೋ ನಿಶ್ಚಿತಾರ್ಥಕ್ಕೆ ಹೊರಟವನು ಅದನ್ನು ಬೀದಿಯ ಇಸ್ತ್ರಿ ಗಾಡಿಗೆ ಕೊಟ್ಟ. ಇದ್ದಿಲ ಪೆಟ್ಟಿಗೆಯನ್ನು ಬೆಟ್ಟದ ಮೇಲಿಟ್ಟು ಎತ್ತಿದರೆ, ರೈಲಿನ ಎರಡು ಡಬ್ಬಿ ಪೆಟ್ಟಿಗೆಗೆ ಹತ್ತಿಕೊಂಡು ಬಂದವು. ನರೇಶ ಓಡಿಬಂದು ಇಸ್ತ್ರಿಯವನ ಮೇಲೆ ಹರಿಹಾಯ್ದ. “ತಿರುಗಿಸಿ ಇಸ್ತ್ರಿ ಮಾಡ್ಬೇಕು ಅಂತ ಬರ್ದಿರುತ್ತೆ ಕಣಯ್ಯಾ!”

“ಎಲ್ಲಪ್ಪಾ ಬರ್ದಿರೋದು? ನನ್ ಪೆಟ್ಟಿಗೆ ಮೇಲಾ?” ಅಂದ ಇಸ್ತ್ರಿಯವನು. ತನ್ನ ಪೆಟ್ಟಿಗೆ ಹಾಳಾಯಿತೆಂದು ಅವನಿಗೇ ಸಿಟ್ಟು. ಮಮತ ಮನೆಯಿಂದ ಉಪ್ಪು ತಂದು, ಕಾಗದದ ಮೇಲೆ ಹರವಿ, ಬಿಸಿ ಪೆಟ್ಟಿಗೆಯನ್ನು ಅದರ ಮೇಲೆ ಉಜ್ಜಿ ಅಂಟನ್ನು ಬಿಡಿಸಿಕೊಟ್ಟಳು.

ಮೂರು ಡಬ್ಬಿಯಲ್ಲೂ ಮೂವತ್ತು ಬೀಜವಾದ ಭಾನುವಾರ ಅಂಗಡಿಯ ಹಲಸಿನ ಮೇಜಿನ ಮೇಲೆ ಮೂರನ್ನೂ ಹಾಸಿದರು. ಚಿಮುಕಿಸಿದ್ದು ಮುಟ್ಟಲು ಮೆತ್ತಗಿತ್ತು, ಬಟ್ಟೆಯೇ ಬಣ್ಣವಾದಂತೆ. ಆದರೆ ಬೆಟ್ಟ ಹೋದ ವರ್ಷದ ಕ್ಯಾಲೆಂಡರಿನಷ್ಟು ಮಾಸಿತ್ತು. ಫಿಲಮ್ಮಿನದು ಬಣ್ಣ ಬಿಟ್ಟಿರಲಿಲ್ಲ, ಹೊಳೆಯುತ್ತಿತ್ತು. ಆದರೆ ಅಂಚುಗಳು ಸಿಪ್ಪೆ ಎದ್ದಿದ್ದವು, ಎದೆಯ ನಡುವೆ ಒಣಗಿದ ಕೆರೆಯಂತೆ ಬಿರುಕು, ರೈಲಿಗೆ ಎರಡು ಡಬ್ಬಿ ಕಮ್ಮಿ. ಮಮತಳ ಬೆಟ್ಟ ಮಾತ್ರ ಬೆಟ್ಟದಂತೆಯೇ ಕೂತಿತ್ತು. ಅಂಗಿಯ ಬಿಳಿ ಬಣ್ಣ ಹೋಗಿತ್ತು, ಬೆಟ್ಟ ಹೋಗಿರಲಿಲ್ಲ.

“ಆ ಫಿಲಂ ಅಂಗಿ ಹಾಕ್ಕೊಂಡ್ರೆ ಎದೆಗೆ ಟಾರ್ಪಾಲ್ ಕಟ್ಕೊಂಡಂಗೆ ಮಮತಕ್ಕ. ಬೆವರು ಒಳಗೇ ಕೂತ್ಕೊಳ್ಳುತ್ತೆ” ಅಂದ ಕೆಂಪರಾಜು. ಆಮೇಲೆ ತಲೆ ಕೆರೆದುಕೊಂಡು, “ನಿಮ್ಮದು ನಾನೇ ಇಟ್ಕೊಳ್ಲಾ?” ಅಂದ.

“ಅದು ಬೇಡ, ನಂಗೆ ಬೇಕು” ಅಂತ ನರೇಶ ಮಡಿಸಿ ಬೀರುವಿನಲ್ಲಿಟ್ಟ. ಅಕ್ಕನ ಕಡೆ ತಿರುಗಿ ಎರಡೂ ಕೈ ಮೇಲೆತ್ತಿದ. “ನೀನೇ ಗೆದ್ದೆ ಅಕ್ಕ. ಒಪ್ಕೊಂಡೆ.”

ಮಾರನೆಯ ದಿನ ಮಮತ ಬರುವ ಹೊತ್ತಿಗೆ ನರೇಶ, ಕೆಂಪರಾಜು ಇಬ್ಬರೂ ಹಲಸಿನ ಮೇಜನ್ನು ಎತ್ತಿ ಕಿಟಕಿಯ ಕೆಳಗೆ ಇಟ್ಟಿದ್ದರು. ಅಪ್ಪನ ಕಾಲದಿಂದ ಅದು ಕೋಣೆಯ ನಡುವೆ ಟ್ಯೂಬ್‌ಲೈಟಿನ ಕೆಳಗಿತ್ತು. “ಇಲ್ಲಿ ಬೆಳಕು ಚೆನ್ನಾಗಿ ಬೀಳುತ್ತಲ್ಲ ಅಕ್ಕ” ಅಂದ ತಮ್ಮ. ಕಳೆದ ವರ್ಷದಿಂದ ಅವಳ ಬಲಗಣ್ಣಿಗೆ ಪೊರೆ ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಇವನು ಅದನ್ನೂ ಗಮನಿಸಿದನಲ್ಲ ಎಂದು ಮಮತಳಿಗೆ ಕಣ್ಣು ತುಂಬಿತು. ಸಂಜೆ ಆವಲಪ್ಪನ ಎದುರು ಕೂತು, ಅವನಿಗೆ ತಿಳಿಯುವಂತೆ ನಿಧಾನವಾಗಿ ಹೇಳಿದಳು: ನನ್ನ ತಮ್ಮ ಬಾಯಲ್ಲಿ ಒರಟ, ಹೊಟ್ಟೆಯೊಳಗೆ ಅಪ್ಪನೇ. ಆವಲಪ್ಪ ಅವಳ ಮುಖವನ್ನೇ ನೋಡುತ್ತಾ ಕೇಳಿ, ಬೀಡಿ ಹೊತ್ತಿಸಿಕೊಂಡ.

ಗುರುವಾರ ಅಂಗಡಿಯ ಮುಂದೆ ಟೆಂಪೋ ನಿಂತಿತು. ಮರದ ಪೆಟ್ಟಿಗೆ ಒಡೆದು ಫಿಲಂ ಮಿಷನ್ನನ್ನು ಒಳಗೆ ತಂದರು. ಹಲಸಿನ ಮೇಜು ಖಾಲಿಮಾಡಿದ ಜಾಗಕ್ಕೆ ಅದು ಅಳತೆ ತೆಗೆದಂತೆ ಕೂತಿತು.

ಮಮತ ಬಾಗಿಲಲ್ಲೇ ನಿಂತಳು. “ಇದೇನೋ ಇದು?”

“ಬುಕ್ ಮಾಡಿ ಆಗೋಗಿತ್ತು ಅಕ್ಕ. ಸಂಕ್ರಾಂತಿಗೂ ಮುಂಚೇನೇ.”

“ಮತ್ತೆ ಮೂರು ತಿಂಗಳು ಒಗೆಸಿದ್ದು?”

“ಅದು ದಂಡ ಆಗಿಲ್ವಲ್ಲ!” ನರೇಶ ಫೋನು ತೆಗೆದು ಅವಳ ಮುಂದೆ ಹಿಡಿದ. ಅವಳದೇ ಅಂಗಿ. ಪಕ್ಕದಲ್ಲಿ ಹುಣಸೆಬೀಜದ ಡಬ್ಬಿ. ಮೇಲೆ ದೊಡ್ಡ ಅಕ್ಷರದಲ್ಲಿ: ಮೂವತ್ತು ಸಲ ಕಲ್ಲಿನ ಮೇಲೆ ಒಗೆದ ನಂತರವೂ ನಮ್ಮ ಪ್ರಿಂಟ್ ಹೀಗಿದೆ. “ನೋಡು. ನಿನ್ನೆ ಹಾಕಿದ್ದು, ಇವತ್ತಿಗೆ ಎಪ್ಪತ್ತು ಆರ್ಡರು. ಎಪ್ಪತ್ತಕ್ಕೂ ಬೇರೆ ಬೇರೆ ಚಿತ್ರ. ನೀನೇ ಹೇಳು, ಸ್ಕ್ರೀನಲ್ಲಿ ಆಗುತ್ತಾ?”

“ಆಗಲ್ಲ.” ಅದು ನಿಜ. ಮಮತ ಸುಳ್ಳು ಹೇಳುವವಳಲ್ಲ. “ಆದ್ರೆ ಇದು ನನ್ನ ಅಂಗಿ. ಅವ್ರಿಗೆ ಹೋಗೋದು?”

“ಫಿಲಂ.”

“ಫಿಲಮ್ಮಿಂದು ಕಿತ್ತೋಯ್ತಲ್ಲೋ.”

“ಅವ್ರೇನು ಅಮ್ಮಯಮ್ಮನ ಕೈಲಿ ಒಗೆಸ್ತಾರಾ? ಎಲ್ಲಾರ್ ಮನೇಲೂ ವಾಷಿಂಗ್ ಮಿಷನ್ ಇದೆ. ಮೂರ್ನಾಲ್ಕು ಸಲ ಹಾಕಿ ಮೂಲೆಗೆ ಎಸೀತಾರೆ. ಎಲ್ಲಾ ಹಿಂಗೇ ಮಾಡೋದು ಅಕ್ಕ, ನಾನೊಬ್ನೇ ಹರಿಶ್ಚಂದ್ರ ಆಗೋಕಾಗುತ್ತಾ?”

“ಹಂಗಾದ್ರೆ ಫಿಲಂ ಅಂತ ಹೇಳೇ ಮಾರು. ಕೊಳ್ಳೋರು ಕೊಳ್ತಾರೆ. ಒಂದೊಂದೇ ಅಂಗಿಗೆ ಅದೇ ಸರಿ ಅಂತ ನಾನೂ ಒಪ್ತೀನಿ.”

“ಫಿಲಂ ಅಂತ ಮಾರೋರು ಸಾವಿರ ಜನ ಇದ್ದಾರೆ. ಕೈಯಲ್ಲಿ ಒತ್ತಿದ್ದು ಅಂದ್ರೆ ಜನ ಮುಗಿಬೀಳ್ತಾರೆ.” ನರೇಶನ ದನಿ ಇದ್ದಕ್ಕಿದ್ದಂತೆ ಮೃದುವಾಯಿತು. “ನಿನ್ನನ್ನ ಯಾರು ಹೋಗು ಅಂದ್ರು? ನಿನ್ನ ಮೇಜು ಅಲ್ಲೇ ಇರುತ್ತೆ. ತಿಂಗಳಿಗೆ ಎರಡು ಸಲ ಬಂದು ಒಂದೊಂದು ಅಂಗಿ ಒತ್ತು, ನಾನು ವೀಡಿಯೋ ತಗೋತೀನಿ. ಅದಕ್ಕೇ ಕಿಟಕಿ ಹತ್ರ ಇಟ್ಟಿರೋದು. ಬೆಳಕು ಚೆನ್ನಾಗಿ ಬೀಳುತ್ತೆ.”

ಮಮತ ಕಿಟಕಿಯ ಕಡೆ ನೋಡಿದಳು. ಬೆಳಕು ಚೆನ್ನಾಗಿಯೇ ಬೀಳುತ್ತಿತ್ತು.

ಅವಳು ಎರಡು ದಿನ ಅಂಗಡಿಗೆ ಹೋಗಲಿಲ್ಲ. ಮೂರನೆಯ ದಿನ ಹೋದಳು. ಹೋಗದಿದ್ದರೆ ಮೇಜು ಹೋಗುತ್ತದೆ ಎಂಬ ಹೆದರಿಕೆ ಒಂದು. ಒತ್ತುವಾಗ ತಮ್ಮನ ಮನಸ್ಸು ಕರಗಬಹುದು ಎಂಬ ಆಸೆ ಇನ್ನೊಂದು. ನರೇಶ ಫೋನನ್ನು ಕಡ್ಡಿಗೆ ಸಿಕ್ಕಿಸಿ ನಿಲ್ಲಿಸಿದ. ದಿವ್ಯ ಬಂದು ಅತ್ತಿಗೆಯ ಸೆರಗು ಸರಿಮಾಡಿ, ಹಣೆಯ ಬೆವರನ್ನು ತನ್ನ ವೇಲಿನಲ್ಲೇ ಒರೆಸಿದಳು. ಮಮತ ನಾಲ್ಕೂ ಬಣ್ಣ ಒತ್ತಿದಳು. ಕೊನೆಯ ಸ್ಕ್ರೀನು ಎತ್ತಿದಾಗ ಬೆಟ್ಟ ಎದ್ದು ನಿಂತಿತು.

“ಈಗ ಇಲ್ಲಿ ನೋಡ್ಕೊಂಡು ಹೇಳಕ್ಕ: ನಮ್ಮ ಪ್ರತಿ ಅಂಗೀನೂ ಹೀಗೇ ಕೈಯಲ್ಲಿ ಮಾಡಿದ್ದು, ಮೂವತ್ತು ಒಗೆತಕ್ಕೂ ಜಗ್ಗಲ್ಲ.”

ಮಮತ ಫೋನಿನ ಕಡೆ ತಿರುಗಿದಳು. ಬಾಗಿಲ ಬಳಿ ಗಿರಾಕಿ ನಿಂತಿದ್ದರೆ ಹೇಗೆ ಮಾತಾಡುತ್ತಿದ್ದಳೋ ಹಾಗೆ, ತಡೆದು ತಡೆದು, ಒಂದೊಂದೇ ಮಾತಾಗಿ ಹೇಳಿದಳು. “ಈ ಅಂಗಿ ನಾನು ಒತ್ತಿದ್ದು. ನಿಮಗೆ ಬರೋದು ಇದಲ್ಲ. ನಿಮಗೆ ಬರೋದು ಅಂಟಿಸಿದ್ದು. ಕೇಳಿ ತಗೊಳ್ಳಿ.”

“ಅಕ್ಕಾ!”

“ಇನ್ನೊಂದ್ಸಲ ಹೇಳು ಅಂದ್ರೂ ಇದೇ ಹೇಳ್ತೀನಿ ನರೇಶ.”

ನರೇಶ ವೀಡಿಯೋ ನಿಲ್ಲಿಸಿದ. ಬಯ್ಯುತ್ತಾನೆ ಅಂದುಕೊಂಡಳು. ಅವನು ನಕ್ಕುಬಿಟ್ಟ. “ನಿನ್ನ ಮಾತು ಯಾರಿಗೆ ಬೇಕು ಬಿಡು. ಸೌಂಡ್ ತೆಗೆದು ಹಾಡು ಹಾಕಿದ್ರೆ ಆಯ್ತು. ದಿವ್ಯಾ, ಇದನ್ನ ಸರಿಮಾಡಿ ಹಾಕ್ಬಿಡು. ಕೈ ತೋರ್ಸು, ಸಾಕು.”

ದಿವ್ಯ ಫೋನು ತೆಗೆದುಕೊಂಡಳು. ಮಮತಳ ಮುಖ ನೋಡಲಿಲ್ಲ.

ಮಂಗಳವಾರ ಮಧ್ಯಾಹ್ನ ಆವಲಪ್ಪ ಹೊತ್ತಿಗೆ ಮುಂಚೆ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ, ಕಿವಿ ಕೇಳದವರು ಮಾತಾಡುವ ಗಟ್ಟಿ ದನಿಯಲ್ಲಿ, “ನಿಮಗೆ ಬರೋದು ಇದಲ್ಲ, ಅಂಟಿಸಿದ್ದು ಅಂದ್ಯಾ?” ಅಂತ ಕೇಳಿದ.

ಮಮತಳ ಕೈಲಿದ್ದ ಮೊರ ನಿಂತಿತು. “ನಿಮಗೆ ಯಾರು ಹೇಳಿದ್ರು?”

“ನೀನೇ ಹೇಳ್ದೆ. ವೀಡಿಯೋದಲ್ಲಿ.”

ಮಗ್ಗದ ಶೆಡ್ಡಿನೊಳಗೆ ಇಪ್ಪತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವನ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಅಲ್ಲಿ ದುಡಿಯುವವರೆಲ್ಲ ವರ್ಷ ತುಂಬುವುದರೊಳಗೆ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತುಬಿಡುತ್ತಾರೆ. ಆ ಕಡೆಯ ಗೋಡೆಯಿಂದ ಈ ಕಡೆಯ ಗೋಡೆಗೆ ಜೋಕು ಹೇಳುತ್ತಾರೆ, ಬೈದಾಡುತ್ತಾರೆ, ಸದ್ದಿಲ್ಲದೆ ಸಂಬಂಧ ಕುದುರಿಸುತ್ತಾರೆ. ನರೇಶ ಆ ಬೀದಿಯಲ್ಲೇ ಹುಟ್ಟಿದವನು, ಆದರೆ ಒಂದು ದಿನವೂ ಮಗ್ಗದ ಮುಂದೆ ನಿಂತವನಲ್ಲ. ಹಾಡಿನ ಕೆಳಗೆ ಮಾತು ಮುಚ್ಚಿಹೋಯಿತೆಂದುಕೊಂಡಿದ್ದ. ಟೀ ಅಂಗಡಿಯಲ್ಲಿ ಯಾರೋ ಫೋನು ತೆಗೆದು ತೋರಿಸಿದ್ದೇ, ಇಡೀ ಶೆಡ್ಡು ಅದನ್ನು ಓದಿತ್ತು.

“ಪಕ್ಕದ ಮಗ್ಗದ ಭಾನುಪ್ರಕಾಶನಂತೂ ಮೂರು ಸಲ ಹಾಕಿ ನೋಡ್ದ” ಅಂದ ಆವಲಪ್ಪ. “ನಿನ್ನ ಹೆಂಡ್ತಿ ಗಂಡ್ಸು ಕಣಯ್ಯಾ ಅಂದ.” ಅವನ ಮುಖದಲ್ಲಿ ಎಷ್ಟೋ ವರ್ಷದ ಮೇಲೆ ಒಂದು ಹೆಮ್ಮೆ ಕಂಡಿತು. ಮಮತಳಿಗೆ ನಗು ಬಂತು. ನಾಚಿಕೆಯೂ ಆಯಿತು, ಒಡಹುಟ್ಟಿದವನ ಮಾನ ಬೀದಿಗೆ ಬಂತಲ್ಲ ಎಂದು. ಆದರೂ ಒಳಗೆಲ್ಲೋ, ಈಗಲಾದರೂ ನಿಲ್ಲಿಸುತ್ತಾನೆ ಅನ್ನಿಸಿತು.

ನರೇಶ ಅಂಗಡಿಯ ಬೀಗ ತೆಗೆಯುವಾಗ ಎದುರಿನ ಶೆಡ್ಡಿನವರು ಸುಮ್ಮನೆ ತುಟಿಯಾಡಿಸುತ್ತಿದ್ದರು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಇಸ್ತ್ರಿ ಗಾಡಿಯವನು ಬಿಡಿಸಿ ಹೇಳಿದ. ಆಮೇಲೆ ಅವನು ಎಲ್ಲಿಗೆ ಹೋದರೂ ಅದೇ: ಹಾಲಿನವನು ಪೊಟ್ಟಣ ಕೊಡುತ್ತಾ “ನಿಮಗೆ ಬರೋದು ಇದಲ್ಲ ಗುರು” ಅನ್ನುವನು. ಹೋಟೆಲಿನಲ್ಲಿ ದೋಸೆ ತಂದಿಡುವವನು ಅದನ್ನೇ ಅನ್ನುವನು.

ಬುಧವಾರ ನರೇಶ ಅಕ್ಕನ ಮನೆಗೆ ಬಂದ. ಹಿಂದೆ ದಿವ್ಯಳೂ ಬಂದಳು. ಅವನು ಕೂರಲಿಲ್ಲ.

“ಖುಷಿನಾ? ತಮ್ಮನ್ನ ಬೀದೀಲಿ ಕುಣಿಸ್ಬಿಟ್ಟೆಯಲ್ಲ.”

“ಅದನ್ನ ತೆಗೆದ್ಬಿಡೋ. ಮರೆತೋಗ್ತಾರೆ.”

“ತೆಗೆಯೋದಾ?” ನರೇಶನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಲಕ್ಷ ಜನ ನೋಡಿದ್ದಾರೆ ಅಕ್ಕ ಅದನ್ನ. ಪುಣೆ, ಹೈದ್ರಾಬಾದು, ಕೊಚ್ಚಿ. ಯಾರೋ ಬರ್ದಿದ್ದಾರೆ, ಈ ತಾಯಿ ಮುಖದಲ್ಲಿ ಎಂಥಾ ಸತ್ಯ ಇದೆ ಅಂತ. ನಿನ್ನ ಮುಖಾನೇ ಓಡ್ತಿರೋದು. ನಮ್ ಬೀದಿಯೋರು ನಕ್ಕರೆ ನಗ್ಲಿ, ಅವರಲ್ಲಿ ಯಾವನು ಆನ್‌ಲೈನಲ್ಲಿ ಅಂಗಿ ಕೊಳ್ತಾನೆ?”

ಕಿವಿ ಇದ್ದ ಲಕ್ಷ ಜನರಿಗೆ ಹಾಡು ಕೇಳಿಸಿತ್ತು. ಮಾತು ತಲುಪಿದ್ದು ಕಿವಿ ಕಳೆದುಕೊಂಡವರಿಗೆ ಮಾತ್ರ.

ನರೇಶ ಹೆಂಡತಿಯ ಕಡೆ ತಿರುಗಿದ. “ನಿಂಗೆ ಕೈ ಮಾತ್ರ ತೋರ್ಸು ಅಂದಿದ್ದೆ. ಮುಖ ಯಾಕೇ ಬಿಟ್ಟೆ ನೀನು?”

“ಮುಖ ಇದ್ರೆ ಚೆನ್ನಾಗಿರುತ್ತೆ ಅಂದ್ಕೊಂಡೆ” ಅಂದಳು ದಿವ್ಯ. ಅವಳ ದನಿಯಲ್ಲಿ ಏನೂ ಇರಲಿಲ್ಲ. “ಚೆನ್ನಾಗೇ ಆಯ್ತಲ್ಲ.”

ನರೇಶ ಬಾಗಿಲು ದಾಟುತ್ತಾ ಹೇಳಿದ: “ಶನಿವಾರದೊಳಗೆ ನಿನ್ನ ಸ್ಕ್ರೀನೆಲ್ಲ ತೆಗೆದ್ಬಿಡು ಅಕ್ಕ. ಇನ್ನೊಂದು ಪ್ರೆಸ್ಸು ಬರ್ತಾ ಇದೆ, ಜಾಗ ಸಾಲ್ದು. ಮೇಜು ಬೇಕಾದ್ರೆ ತಗೊಂಡೋಗು. ವೀಡಿಯೋ ಒಂದು ಸಾಕು, ಅದು ಇನ್ನೂ ವರ್ಷ ಓಡುತ್ತೆ.”

ಶನಿವಾರ ಬೆಳಿಗ್ಗೆ ಮಮತ ಒಬ್ಬಳೇ ಹೋದಳು. ಮೇಜನ್ನು ತರುವ ಮಾತೇ ಇರಲಿಲ್ಲ. ಅವಳ ಮನೆಯ ಬಾಗಿಲು ಅದಕ್ಕೆ ಚಿಕ್ಕದು. ಅಟ್ಟದಿಂದ ಒಂದೊಂದೇ ಸ್ಕ್ರೀನು ಇಳಿಸಿ ಹೊರಗಿನ ಜಗಲಿಗೆ ತಂದು ಒರಗಿಸತೊಡಗಿದಳು. ಅಪ್ಪನ ಕಾಲದ ಮರದ ಚೌಕಟ್ಟುಗಳು, ಆಮೇಲಿನ ಅಲ್ಯೂಮಿನಿಯಂನವು. ಎಷ್ಟೋ ಜಾಲರಿಗಳಲ್ಲಿ ತೊಳೆದರೂ ಹೋಗದ ಹಳೆಯ ಅಕ್ಷರಗಳ ನೆರಳಿತ್ತು. ಬೆಳಕಿಗೆ ಹಿಡಿದರೆ ಅರ್ಧ ಹೆಸರು, ಯಾವುದೋ ಕಲ್ಯಾಣಮಂಟಪದ ವಿಳಾಸ, ಘಾಟಿ ಸುಬ್ರಹ್ಮಣ್ಯದ ಹೆಡೆ. ಕೆಂಪರಾಜು ಸಂಜೆ ಗಾಡಿ ತರುತ್ತೇನೆ, ಅಲ್ಲಿಯವರೆಗೂ ಮುಟ್ಟಬೇಡಿ ಅಂದಿದ್ದ. ಆದರೆ ಸಂಜೆಯವರೆಗೆ ಅಲ್ಲಿ ನಿಂತಿರುವುದು ಅವಳಿಂದ ಆಗುವಂತಿರಲಿಲ್ಲ.

ಒಳಗೆ ಮಿಷನ್ನು ಸಣ್ಣಗೆ ಗುಂಯ್ಗುಡುತ್ತಾ ಹಾಳೆಗಳನ್ನು ಉಗುಳುತ್ತಿತ್ತು. ನಾಯಿಯ ಮುಖ, ಮಗುವಿನ ಹುಟ್ಟುಹಬ್ಬ, ಇಬ್ಬರು ಗೆಳೆಯರ ಮೋಟರುಬೈಕು. ಚಿತ್ರಗಳು ಚೆನ್ನಾಗಿದ್ದವು. ನಗುವ ಮುಖದ ಹಲ್ಲಿನ ಸಾಲೂ ಒಂದೊಂದೇ ಎಣಿಸುವಷ್ಟು ಸ್ಪಷ್ಟವಾಗಿತ್ತು. ಅಷ್ಟು ಸಣ್ಣದನ್ನು ಸ್ಕ್ರೀನಿನಲ್ಲಿ ತೆಗೆಯಲು ತನ್ನಿಂದ ಎಂದಿಗೂ ಆಗುತ್ತಿರಲಿಲ್ಲ ಎಂದು ಮಮತ ದಾಟಿಹೋಗುವಾಗಲೆಲ್ಲ ನೋಡಿದಳು. ಸುಳ್ಳು ಹೇಳದೆಯೂ ಮಾರಬಹುದಾಗಿತ್ತು ಇದನ್ನು. ಅದ್ಯಾಕೆ ಹೊಳೆಯಲಿಲ್ಲವೋ ಅವನಿಗೆ. ನರೇಶ ಕಂಪ್ಯೂಟರಿನ ಮುಂದೆ ಕೂತವನು ಅವಳು ಹೋಗಿಬಂದಷ್ಟು ಸಲವೂ ತಲೆ ಇನ್ನಷ್ಟು ತಗ್ಗಿಸಿಕೊಂಡ. ಒಂದು ಸಲ ದೊಡ್ಡ ಚೌಕಟ್ಟು ಬಾಗಿಲಿಗೆ ಸಿಕ್ಕಿಕೊಂಡಿತು. ಅವನು ಅರ್ಧ ಎದ್ದ, ಮತ್ತೆ ಕೂತ. ಅವಳೇ ಓರೆ ಮಾಡಿ ತಂದಳು.

ಎಪ್ಪತ್ತೋ ಎಂಬತ್ತೋ ಸ್ಕ್ರೀನು ಆಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಎದುರಿನ ಶೆಡ್ಡಿನ ಮಗ್ಗಗಳು ಊಟಕ್ಕೆ ನಿಂತವು. ಬೀದಿ ಒಮ್ಮೆಗೇ ಮೌನವಾಯಿತು. ಮಮತ ಜಗಲಿಯ ಮೆಟ್ಟಿಲ ಮೇಲೆ, ಸ್ಕ್ರೀನುಗಳ ನೆರಳಿನಲ್ಲಿ, ಮೊಣಕಾಲು ಹಿಡಿದುಕೊಂಡು ಕೂತಳು. ಮನೆಗೆ ಹೋಗಬೇಕು, ಹೋದರೆ ಮತ್ತೆ ಬರಲು ಕಾಲು ಏಳುವುದಿಲ್ಲ.

ಬಾಗಿಲಲ್ಲಿ ಗೆಜ್ಜೆಯ ಸದ್ದಾಯಿತು. ದಿವ್ಯ ಒಂದು ಚೊಂಬು ನೀರು, ಒಂದು ತಟ್ಟೆ ಹಿಡಿದು ಬಂದಳು. ಒಳಗಿನಿಂದ ನರೇಶ “ನಿನ್ನ ಡಬ್ಬಿ ಎಲ್ಲೇ, ನೀನು ಉಣ್ಣಲ್ವಾ?” ಅಂದದ್ದು ಕೇಳಿಸಿತು. ಅವಳು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಬಾಗಿ, ಅತ್ತಿಗೆಯ ಧೂಳು ಮೆತ್ತಿದ ಕೈಗಳ ಮೇಲೆ ನೀರು ಹೊಯ್ದಳು. ಮಮತ ಎರಡೂ ಕೈ ಉಜ್ಜಿ ತೊಳೆದು ಸೆರಗಿಗೆ ಒರೆಸಿಕೊಳ್ಳುವವರೆಗೆ ಕಾದಳು. ಆಮೇಲೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಒಂದು ಹಿಡಿ ಅನ್ನವಿದ್ದ ತಟ್ಟೆಯನ್ನು ಎತ್ತಿ ಅವಳ ಅಂಗೈಗಳ ಮೇಲೆ ಇಟ್ಟಳು.